ಕಾಕು ಕಂಡ ಧ್ರುವ

"ಇಷ್ಟು ಸಣ್ಣದೇನು ಧ್ರುವ?" ಎಂದು ಕೇಳಿದರು ಕಾಕು, ನನ್ನ ಚಿಕ್ಕಮ್ಮ. ಕಮಲಾಪುರದ ಕೆಂಪು ಬಾಳೆ ತೋಟದ ಬದುವಿನ ಮೇಲೆ ಮಂಡಿಯೂರಿ, ನನ್ನ ಟೆಲಿಸ್ಕೋಪಿನ ಸ್ಟ್ಯಾಂಡಿನಲ್ಲಿರುವ ಪುಟ್ಟ ದುರ್ಬೀನಿಗೆ ಕಣ್ಣು ಹಚ್ಚಿದ್ದರು. ಆಕಾಶದ ಜೊತೆ ಟೆಲಿಸ್ಕೋಪೂ ತಿರುಗಬೇಕಾದರೆ ಸ್ಟ್ಯಾಂಡು ಧ್ರುವದ ಕಡೆ ನೇರವಾಗಿರಬೇಕು. ಹಿಂದಿನ ಸಲ ನಾನು ಬೇರೊಂದು ನಕ್ಷತ್ರವನ್ನೇ ಧ್ರುವವೆಂದು ನಂಬಿ ಹೊಂದಿಸಿದ್ದೆ. ಫೋಟೋದಲ್ಲಿ ಚುಕ್ಕಿಗಳೆಲ್ಲ ಗೆರೆಗಳಾಗಿದ್ದವು. ಈ ಸಲ ಮುಸ್ಸಂಜೆಯ ಕತ್ತಲಲ್ಲಿ ಅರ್ಧ ತಾಸು ತಿರುಪು ತಿರುವಿ ಧ್ರುವವನ್ನು ನಡುವಿಗೆ ತಂದಿದ್ದೆ. ಕಾಕಾ, ಅಂದರೆ ನನ್ನ ಚಿಕ್ಕಪ್ಪ, ತೀರಿಕೊಂಡ ಮೇಲೆ ಕಲಬುರಗಿಯ ಬ್ರಹ್ಮಪುರದ ಮನೆಯಿಂದ ಹೊರಗೇ ಬಾರದ ಕಾಕುವನ್ನು ನಾನೇ ಒತ್ತಾಯ ಮಾಡಿ ಕರೆತಂದಿದ್ದೆ.

"ಮದುವಿ ದಿವಸ ಮಟಮಟ ಮಧ್ಯಾಹ್ನ ಭಟ್ಟರು ಮ್ಯಾಲ ಬೆರಳು ಮಾಡಿ, ಧ್ರುವ ಕಂಡಿತೇನವಾ ಅಂದ್ರು. ನನಗೇನೂ ಕಾಣಲಿಲ್ಲ. 'ಹೂಂ ಅನ್ನು, ಒಂದಿನಾ ಖರೇನೇ ತೋರಸ್ತೀನಿ' ಅಂತ ನಿಮ್ಮ ಕಾಕಾ ಕಿವ್ಯಾಗ ಅಂದ್ರು. ಹೂಂ ಅಂದೆ."

ದುರ್ಬೀನಿನಿಂದ ಕಣ್ಣು ತೆಗೆಯದೆಯೇ ಮತ್ತೆ ಹೇಳಿದರು: "ಈಗ ಖರೇನೇ ಕಂಡದ. ಯಾರಿಗೆ ಹೇಳ್ಲಿ?"

ಏಳುವಾಗ ಅವರು ಆಸರೆಗೆ ಸ್ಟ್ಯಾಂಡಿನ ಕಾಲು ಹಿಡಿದರು. ಅದು ಅಲುಗಿತು, ಧ್ರುವ ನಡುವಿನಿಂದ ಜಾರಿತು. ಅವತ್ತು ನಾನು ಅದನ್ನು ಮತ್ತೆ ಹೊಂದಿಸಲಿಲ್ಲ.

ಈಗ ಪ್ರತಿ ಸಲ ಧ್ರುವ ನಡುವಿಗೆ ಬಂದು ನಿಂತಾಗ, ಯಾರೂ ಕೇಳದಿದ್ದರೂ ನನ್ನ ಬಾಯಿ ತಾನಾಗಿ "ಹೂಂ" ಎನ್ನುತ್ತದೆ.