ಕಲ್ಲು ಕಚ್ಚಿದ ಮೆಹಬೂಬ

ಪರೀಕ್ಷೆಯಲ್ಲಿ ಪೆನ್ನು ಕಚ್ಚುವವರನ್ನು ನೋಡಿದ್ದೇನೆ. ಉಗುರು ಕಚ್ಚುವವರನ್ನೂ ನೋಡಿದ್ದೇನೆ. ಪರೀಕ್ಷೆಗೆ ಇಟ್ಟ ಕಲ್ಲನ್ನೇ ಕಚ್ಚಿದವನನ್ನು ಕಂಡದ್ದು ಹೋದ ವಾರವೇ ಮೊದಲು.

ನಾನು ರಾಯಚೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನದ ಮೇಷ್ಟ್ರು ಎಂಬುದು ನಿಮಗೆ ಗೊತ್ತೇ ಇದೆ. (ನನ್ನ ಪಾಠಕ್ಕಿಂತ ಅಂಕಣ ವಾಸಿ ಎಂದು ಹೆಂಡತಿಯ ಅಭಿಪ್ರಾಯ. ಅಂಕಣವನ್ನು ಅವಳು ಓದುವುದಿಲ್ಲ.) ಅಂದು ಡಿಗ್ರಿ ಕೊನೆಯ ವರ್ಷದವರಿಗೆ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಶೇಲ್ ಎಂದರೆ ಪ್ರಾಣ. ಕೆಸರು ಪದರ ಪದರವಾಗಿ ಗಟ್ಟಿಯಾದ ಕಲ್ಲು ಅದು. ಅಮೆರಿಕದಲ್ಲಿ ಅದರೊಳಗಿಂದ ಗ್ಯಾಸ್ ತೆಗೆಯುತ್ತಾರೆ. ನಮ್ಮ ಕಾಲ ಕೆಳಗೆ ಬರೀ ಗ್ರಾನೈಟ್. ಆದರೂ ಪ್ರಶ್ನೆ ಮಾತ್ರ ಶೇಲ್ ಮೇಲೆಯೇ!

ಮಾನ್ವಿಯ ಮೆಹಬೂಬನ ಸರದಿ ಬಂತು. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಫೇಲಾದವನು. ಈ ಸಲ ಪಾಸಾದರೆ ದೇವದುರ್ಗದ ಶಾಲೆಯೊಂದರಲ್ಲಿ ಮಾಸ್ತರಿಕೆ ಕಾದಿದೆ. ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ.

"ಶೇಲ್ ಗ್ಯಾಸ್ ಕೊಡಬೇಕಂದ್ರ ಏನೇನಿರಬೇಕಪ್ಪಾ?"

"ಸತ್ತ ಜೀವಿಗಳ ಅಂಶ ಸಾಕಷ್ಟು ಇರಬೇಕ್ರಿ. ಭೂಮಿ ಆಳದಾಗ ಹದವಾಗಿ ಬೆಂದಿರಬೇಕ್ರಿ. ಪದರು ದಪ್ಪ ಇರಬೇಕ್ರಿ."

ಪರೀಕ್ಷಕರು ತಲೆಯಾಡಿಸಿ, ನಮ್ಮ ಲ್ಯಾಬಿನ ಎರಡು ಕರಿ ಶೇಲ್ ತುಂಡು ಮುಂದಿಟ್ಟರು. ಮೇಲೆ ಬರೀ ನಂಬರ್. ಒಂದು, ಎರಡು.

"ಎರಡರಾಗೂ ಗ್ಯಾಸ್ ಅದ ಅಂತ ತಿಳಿ. ಯಾವುದನ್ನ ಕೊರೀತಿ?"

ನನ್ನ ನೋಟ್‌ಬುಕ್ಕಿನ ಪ್ರಕಾರ ಒಂದು ಜೇಡಿಯದು, ಎರಡು ಬೆಣಚಿನ ಪುಡಿ ಬೆರೆತದ್ದು. ಸರಿಯುತ್ತರ ಎರಡು. (ಈ ನಂಬರ್‌ಗಳನ್ನು ಸೀನಿಯರ್‌ಗಳು ಚೀಟಿಯಲ್ಲಿ ಬರೆದು ಜೂನಿಯರ್‌ಗಳಿಗೆ ದಾಟಿಸುತ್ತಾರೆ. ನನಗೆ ಗೊತ್ತಿಲ್ಲ ಎಂದು ತಿಳಿದಿದ್ದಾರೆ, ಪಾಪ.)

ಮೆಹಬೂಬ ಎರಡನ್ನೂ ತಿರುಗಿಸಿ ನೋಡಿದ. ಒಂದರ ಚೂರು ಮುರಿದು ಬಾಯಿಗೆ ಹಾಕಿಕೊಂಡ!

"ಏನ್ರೀ ಮಾಸ್ತರ, ನಿಮ್ಮ ಹುಡುಗ ಕಲ್ಲು ತಿನ್ನಾಕತ್ತಾನಲ್ರೀ!" ಪರೀಕ್ಷಕರು ಕುರ್ಚಿಯಿಂದ ಎದ್ದೇಬಿಟ್ಟರು.

"ಉಗುಳಲೇ!" ಎಂದೆ. ನನ್ನ ಮಾನ ಹೋಗಿತ್ತು.

ಅವನು ಇನ್ನೊಂದನ್ನೂ ಕಚ್ಚಿ, ಆಮೇಲೆ ಉಗುಳಿದ.

"ಒಂದನೇದು ಸರ್. ಹಲ್ಲಿಗೆ ಕರಕರ ಅಂತದ, ಬೆಣಚು ಅದ. ಎರಡನೇದು ನುಣ್ಣಗದ, ಬರೀ ಜೇಡಿ. ನಮ್ಮಪ್ಪ ಗಂಜ್ ಮಾರ್ಕೆಟ್‌ನ್ಯಾಗ ಭತ್ತ ಹಿಂಗ ಕಡದು ನೋಡ್ತಾನ್ರಿ. ಒಣಗಿದ್ದು ಕಟ್ ಅಂತ ಮುರೀತದ, ಹಸೀದು ಅಮುಕ್ತದ. ಕಲ್ಲೂ ಹಂಗ್ರಿ. ಮುರದ್ರ ಬಿರುಕು ಬೀಳ್ತದ, ಗ್ಯಾಸ್ ಹೊರಗ ಬರ್ತದ. ಅಮುಕಿದ್ರ ಒಳಗ ಉಳೀತದ."

ವಿವರಣೆ ನೂರಕ್ಕೆ ನೂರು. ನಂಬರ್ ತಪ್ಪು.

"ಚೀಟಿ ಓದಿಲ್ಲೇನೋ?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಓದೀನ್ರಿ. ಅದರಾಗ ಎರಡು ಅಂತ ಅದ. ಆದ್ರ ಹಲ್ಲು ಒಂದು ಅನ್ನಾಕತ್ತದ. ನೀವೂ ಒಮ್ಮಿ ಕಡದು ನೋಡ್ರಿ ಸರ್."

ಪರೀಕ್ಷಕರ ಪೆನ್ನು ಸೊನ್ನೆ ಸುತ್ತಲು ಸಿದ್ಧವಾಗಿತ್ತು. ನಾನು ಸುಮ್ಮನಿದ್ದರೆ ಅವನ ಮಾಸ್ತರಿಕೆ ಮುಗಿದಂತೆ. ಆದರೆ ಹೊರಗಿನ ಪರೀಕ್ಷಕರ ಎದುರು ಕಲ್ಲು ಕಚ್ಚುವ ಮೇಷ್ಟ್ರನ್ನು ಯಾರಾದರೂ ನೋಡಿದ್ದಾರೆಯೇ?

ಕಚ್ಚಿದೆ. ಒಂದು ಕರಕರ. ಎರಡು ನುಣ್ಣಗೆ. ನಾಲ್ಕು ವರ್ಷದ ಹಿಂದೆ ಟೂರ್‌ನಿಂದ ತಂದು ನಂಬರ್ ಅಂಟಿಸಿದವನು ನಾನೇ. ಅದಲುಬದಲು ಮಾಡಿದವನೂ ನಾನೇ!

"ತಪ್ಪು ನಂದ್ರೀ ಸರ್" ಎಂದೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ? ಪರೀಕ್ಷಕರು ಅತ್ತಿತ್ತ ನೋಡಿ, ತಾವೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡರು. ಪೂರ್ತಿ ಮಾರ್ಕ್ಸ್ ಹಾಕಿದರು. ಮೆಹಬೂಬ ನಳದ ಹತ್ತಿರ ಬಾಯಿ ಮುಕ್ಕಳಿಸಿ, ಜವಾನನ ಬಳಿ ದೇವದುರ್ಗದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ.

ನಮ್ಮ ಆಫೀಸುಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಹಿಂದಿನವರು ಬರೆದದ್ದಕ್ಕೆ ಮುಂದಿನವರು ಸಹಿ ಹಾಕುತ್ತಾರೆ. ಫೈಲು ಮುಂದೆ ಹೋಗುತ್ತದೆ.

ಅದಿರಲಿ. ನಾಲ್ಕು ವರ್ಷ ಚೀಟಿ ನೋಡಿ "ಎರಡು" ಎಂದು ನನ್ನ ಕೈಯಿಂದಲೇ ಪಾಸಾಗಿ ಹೋದವರು ಈಗ ಎಲ್ಲೆಲ್ಲಿ ಏನೇನು ಕೊರೆಸುತ್ತಿದ್ದಾರೋ?