ಏಳನೆಯ ಕೆಲಸಗಾರ
ರಟ್ಟು ಹಾಕುವ ಮುನ್ನ ಬೈಂಡರ್ ಮಾವ ಪುಟಗಳನ್ನು ಕೊನೆಯಿಂದ ಮೊದಲಿಗೆ ಎಣಿಸುತ್ತಾರೆ; ಹಾಗಾಗಿ ವಿಶ್ವವಿದ್ಯಾಲಯದ ಪ್ರತಿ ಸಂಶೋಧನಾ ಪ್ರಬಂಧದ ತೀರ್ಮಾನವೇ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಬಿದ್ದೊಡನೆ ಕೈ ಎದೆಗೆ ಹೋಗುತ್ತದೆ. "ಕೇಳಿದ್ಯೇನೇ? ಇರುವೆ ಹಿಂಗಾಲಿನ ಮೇಲೆ ಮುನ್ನೂರು ಪುಟ ಬರ್ದಿದಾನೆ ಪುಣ್ಯಾತ್ಮ!" ಎಂದು ಒಳಗಿರುವ ಹೆಂಡತಿಗೆ ಕೂಗುತ್ತಾರೆ. ಲಾಲಿಹಾಡಿರಲಿ, ಸತ್ತ ನಕ್ಷತ್ರವಿರಲಿ, ರಾಜರ ಅಡುಗೆಮನೆಯಿರಲಿ, ಮೂವತ್ತು ವರ್ಷಗಳಲ್ಲಿ ಬೆಚ್ಚಿಬೀಳದೆ ಅವರು ಯಾವುದಕ್ಕೂ ರಟ್ಟು ಹಾಕಿದವರಲ್ಲ. "ಬೆಚ್ಚಿದ್ದು ಸಾಕು, ಅಂಟು ಒಣಗ್ತಿದೆ ನೋಡ್ರಿ" ಎಂಬುದು ಹೆಂಡತಿಯ ಖಾಯಂ ಉತ್ತರ. ಮೊನ್ನೆ ಮಾತ್ರ ಕೂಗು ಬರಲಿಲ್ಲ. ಹೋದ ವರ್ಷ ಕೊಳವೆಯೊಂದನ್ನು ತಂದು, "ಜೋರಾಗಿ ಊದಿ ಮಾವ" ಎಂದು ಉಸಿರು ಅಳೆದುಕೊಂಡು ಹೋಗಿದ್ದ ಹುಡುಗಿಯ ಪ್ರಬಂಧ ಅದು; ವಿಷಯ, ಅಂಟಿನ ಘಾಟು ಮತ್ತು ಬೈಂಡರುಗಳ ಶ್ವಾಸಕೋಶ. ಉಸಿರು ಅಳೆಸಿಕೊಂಡವರ ಕೊನೆಯ ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ, ಬರೀ ಸಂಖ್ಯೆಗಳಿದ್ದವು. ಏಳನೆಯ ಕೆಲಸಗಾರನಿಗೆ ಅರವತ್ತೊಂದು ವರ್ಷ, ಮೂವತ್ತು ವರ್ಷದ ಅನುಭವ, ಅಂಗಡಿಗೆ ಕಿಟಕಿಯಿಲ್ಲ, ಶ್ವಾಸಕೋಶದ ಸಾಮರ್ಥ್ಯ ಅರ್ಧಕ್ಕಿಂತ ಕಡಿಮೆ. ಎದೆಗೆ ಹೋದ ಕೈ ಅಲ್ಲೇ ಉಳಿಯಿತು. "ಏನ್ರೀ, ಇವತ್ತು ಯಾರ ಹಿಂಗಾಲು?" ಎನ್ನುತ್ತಾ ಹೆಂಡತಿ ಹೊರಬಂದಳು. "ಏಳನೆಯವನು ನಾನೇ ಕಣೇ" ಎಂದರು. ಮರುದಿನ ಬೆಂಚನ್ನು ಬೀದಿಗೆ ಹಾಕಿ ಆ ಪ್ರಬಂಧಕ್ಕೆ ಹೆಂಡತಿಯೇ ಅಂಟು ಹಚ್ಚಿದಳು. ಅವರು ಆಸ್ಪತ್ರೆಯ ಸಾಲಿನಲ್ಲಿದ್ದರು.