ಟವೆಲ್ಲಿನಡಿಯಲ್ಲಿ ಕುದುರಿದ ಬೆಲೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಕೊಬ್ಬರಿ ಗಿಟುಕನ್ನು ಆ ಸೀಳುಗುರಿನಿಂದ ಒಂದು ಸಲ ಗೀರಿ, ಮೂಗಿಗೆ ಹಿಡಿದು, ಅದು ಅಟ್ಟದ ಮೇಲೆ ಎಷ್ಟು ತಿಂಗಳು ಇತ್ತು ಎಂಬುದನ್ನು ಹೇಳಿಬಿಡುತ್ತಿದ್ದರು. ಮಿಕ್ಕ ನಾಲ್ಕು ಬೆರಳುಗಳು ಮೋಟು, ದಪ್ಪ. ಎಡಹೆಗಲ ಮೇಲೆ ಯಾವಾಗಲೂ ಕೆಂಪು ಅಂಚಿನ ಟವೆಲ್. ಮೊದಲು ದನದ ವ್ಯಾಪಾರ, ಆಮೇಲೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ದಲ್ಲಾಳಿ ಕೆಲಸ; ಅವರ ಬದುಕೆಲ್ಲ ಆ ಟವೆಲ್ಲಿನ ಮರೆಯಲ್ಲೇ ನಡೆದಿತ್ತು. ಬೆಲೆಯನ್ನು ಬಾಯಿಬಿಟ್ಟು ಕೂಗುವುದು ಅವರಿಗೆ ಮರ್ಯಾದೆಗೇಡು. ಎದುರಿನವನ ಕೈ ಹಿಡಿಯುವುದು, ಮೇಲೆ ಟವೆಲ್ ಹೊದಿಸುವುದು, ‘ಸಾವಿರದ್ದು’ ಎಂದೋ ‘ನೂರರದ್ದು’ ಎಂದೋ ಅಷ್ಟನ್ನು ಮಾತ್ರ ಬಾಯಲ್ಲಿ ಹೇಳಿ, ಎಷ್ಟು ಎಂಬುದನ್ನು ಬೆರಳು ಹಿಡಿದು ತಿಳಿಸುವುದು. ಎದುರಿನವನು ತಿರುಗಿ ಅಮುಕಿದರೆ ಒಪ್ಪಿದಂತೆ. ಆಗ ಟವೆಲ್ಲನ್ನು ಪಟ್ಟನೆ ಕೊಡವಿ ಹೆಗಲಿಗೆ ಹಾಕಿಕೊಂಡರೆ ವ್ಯಾಪಾರ ಮುಗಿಯಿತು. ಆಮೇಲೆ ಬ್ರಹ್ಮ ಬಂದರೂ ಅದು ಬದಲಾಗುತ್ತಿರಲಿಲ್ಲ. ಹೆಂಗಸರ ಜೊತೆ ಮಾತ್ರ ಈ ವ್ಯಾಪಾರವಿಲ್ಲ; ಹೆಂಗಸರ ಕೈ ಅವರು ಮುಟ್ಟುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯವರು. ಬೀದಿಗೆಲ್ಲ ಅವರು ದಲ್ಲಾಳಿಗಳು, ಎದುರಿಗೆ ಯಜಮಾನ್ರು. ನನಗೆ ಅವರಷ್ಟು ಸಿಟ್ಟು ಬರಿಸಿದ ಮನುಷ್ಯ ಇನ್ನೊಬ್ಬರಿಲ್ಲ. ಬರೆಯಲು ಕೂತಿರುವ ಈಗಲೂ ಆ ಸಿಟ್ಟು ಪೂರ್ತಿ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಾನೂ ಅವ್ವನೂ ರೈಲು ಹಳಿಯ ಆಚೆಯ ಹೊಸ ಬಡಾವಣೆಯಲ್ಲಿ ಪುಟ್ಟ ಮನೆ ಕಟ್ಟಿಕೊಂಡಿದ್ದೆವು. ಮನೆ ಚೆನ್ನಾಗಿತ್ತು, ಬೋರ್‌ವೆಲ್ ನೀರು ಮಾತ್ರ ಹಾಳು. ನೋಡುವುದಕ್ಕೆ ತಿಳಿ, ಆದರೆ ಸೋಪು ಎಷ್ಟು ಉಜ್ಜಿದರೂ ನೊರೆ ಬರದೆ ಒಡೆದ ಹಾಲಿನಂತೆ ಗರಣೆಗರಣೆ. ಹಂಡೆಯೊಳಗೆ ಸುಣ್ಣದ ಪದರ. ತಲೆಗೆ ಸ್ನಾನ ಮಾಡಿದರೆ ಕೂದಲು ತೆಂಗಿನ ನಾರು. ಎಲ್ಲಕ್ಕಿಂತ ದೊಡ್ಡ ತೊಂದರೆ, ಬೇಳೆ ಬೇಯುತ್ತಿರಲಿಲ್ಲ. ಕುಕ್ಕರ್ ಎಂಟು ಸಲ ಕೂಗಿದರೂ ತೊಗರಿಬೇಳೆ ಇಟ್ಟ ಹಾಗೇ ಇರುತ್ತಿತ್ತು.

ಅವ್ವನಿಗೆ ಮುದ್ದೆಗೆ ಸಾರು ನುಣ್ಣಗಿರಬೇಕು. ಹಾಗಾಗಿ ದಿನಾ ಬೆಳಗ್ಗೆ ಎರಡು ಹಿತ್ತಾಳೆ ಬಿಂದಿಗೆ ಹಿಡಿದು, ಅರ್ಧ ಮೈಲಿ ದೂರದ ತೋಟದ ಬಾವಿಯಿಂದ ಸಿಹಿನೀರು ಹೊತ್ತು ತರುತ್ತಿದ್ದಳು. ಒಂದು ತಲೆಯ ಮೇಲೆ, ಒಂದು ಸೊಂಟದಲ್ಲಿ. ಅರವತ್ತು ದಾಟಿತ್ತು, ಮಂಡಿನೋವು ಬೇರೆ. ನಾನು ತರುತ್ತೇನೆ ಎಂದರೆ, “ಸ್ಕೂಲಿಗೋಗೋ ಟೀಚರ್ರು ಬಿಂದ್ಗೆ ಹೊತ್ರೆ ಮಕ್ಕಳು ಆಡ್ಕಳಲ್ವೇನೇ? ಸುಮ್ಕಿರು” ಎನ್ನುತ್ತಿದ್ದಳು. ನಾನೋ, ತರಗತಿಯಲ್ಲಿ ಬೋರ್ಡಿನ ಮೇಲೆ ಗಡಸು ನೀರು, ಮೆದು ನೀರು ಎಂದು ಬರೆದು, ತಾತ್ಕಾಲಿಕ ಗಡಸುತನ ಶಾಶ್ವತ ಗಡಸುತನ ಎಂದು ಪಾಠ ಒದರಿ ಮನೆಗೆ ಬರುತ್ತಿದ್ದೆ. ಬಂದರೆ ಅವ್ವ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿರುತ್ತಿದ್ದಳು. ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಬೆಂಗಳೂರಿನಿಂದ ಒಬ್ಬ ಸೇಲ್ಸ್‌ಮನ್ ಬಂದ. ಟೈ ಕಟ್ಟಿದ್ದ, ಬೆವರುತ್ತಿದ್ದ. ನೀರನ್ನು ಮೆದು ಮಾಡುವ ಯಂತ್ರ, ಸಾಫ್ಟ್‌ನರ್, ಮಾರುತ್ತಿದ್ದ. ನಾಲ್ಕಡಿ ಎತ್ತರದ ಡ್ರಮ್ಮು, ಅದರೊಳಗೆ ಸಾಸಿವೆಕಾಳಿನಂಥ ಹಳದಿ ಮಣಿಗಳು. ಬೋರ್‌ವೆಲ್ ನೀರು ಅದರೊಳಗೆ ಹಾದು ಬಂದರೆ ಸುಣ್ಣವೆಲ್ಲ ಆ ಮಣಿಗೆ ಹತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ಕಲ್ಲುಪ್ಪಿನ ನೀರು ಬಿಟ್ಟು ತೊಳೆದರೆ ಮಣಿ ಮತ್ತೆ ಸರಿಹೋಗುತ್ತದೆ. ಚೀಲದಿಂದ ಎರಡು ಬಾಟಲು ತೆಗೆದು, ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವನ ಪುಟ್ಟ ಯಂತ್ರದಲ್ಲಿ ಸೋಸಿದ ನೀರು ಹಾಕಿ, ಸೋಪಿನ ದ್ರಾವಣ ನಾಲ್ಕು ಹನಿ ಬಿಟ್ಟು ಅಲ್ಲಾಡಿಸಿದ. ಒಂದರಲ್ಲಿ ಗರಣೆ, ಇನ್ನೊಂದರಲ್ಲಿ ಬಾಯಿವರೆಗೆ ನೊರೆ. ಅವ್ವ ಬಾಟಲನ್ನು ಬೆಳಕಿಗೆ ಹಿಡಿದು, “ಇದ್ರಲ್ಲಿ ಬೇಳೆ ಬೇಯ್ತದೇನಪ್ಪ?” ಎಂದು ಕೇಳಿದಳು. “ಬೆಣ್ಣೆ ಥರ ಆಗುತ್ತಮ್ಮ” ಎಂದ. ಬೆಲೆ ಆರೂವರೆ ಸಾವಿರ. ನಾನು ಅಷ್ಟನ್ನು ಜೋಡಿಸಿಟ್ಟಿದ್ದೆ. ಕೊಂಡುಬಿಡೋಣ ಎಂದು ಪೆನ್ನು ತೆಗೆದೆ.

ಅವ್ವ ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ, “ಅಣ್ಣಾ, ಒಸಿ ಬಂದೋಗಿ” ಎಂದಳು. ಅವತ್ತು ಅವಳು ಹಾಗೆ ಕರೆಯದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದಲ್ಲಾಳಿಗಳು ಬಂದರು. ಯಂತ್ರದ ಚಿತ್ರ ನೋಡಿದರು, ಹಳದಿ ಮಣಿ ಅಂಗೈಗೆ ಹಾಕಿಕೊಂಡು ಸೀಳುಗುರಿನಿಂದ ಒತ್ತಿ ನೋಡಿದರು, ಮೂಸಿದರು. ಆಮೇಲೆ ನಗುತ್ತ, “ಯಾವೂರಪ್ಪ? ಕೈ ಕೊಡು” ಎಂದರು. ಹಿರಿಯರು ಕೈ ಕುಲುಕುತ್ತಾರೆ ಎಂದು ಆ ಹುಡುಗ ಖುಷಿಯಿಂದ ಕೈ ಚಾಚಿದ. ಟವೆಲ್ ಅದರ ಮೇಲೆ ಬಿತ್ತು. “ಸಾವಿರದ್ದು” ಎಂದರು ದಲ್ಲಾಳಿಗಳು. ಒಳಗೆ ಬೆರಳು ಹಿಡಿದರು. ಅವನು ಪಾಪ, ಹಳ್ಳಿ ಕಡೆಯ ಪ್ರೀತಿ ಎಂದುಕೊಂಡು, “ತುಂಬಾ ಸಂತೋಷ ಸರ್” ಎನ್ನುತ್ತ ಗಟ್ಟಿಯಾಗಿ ತಿರುಗಿ ಅಮುಕಿದ. ಪಟ್ಟನೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಮುಗೀತು ಟೀಚರಮ್ಮ. ನಾಲ್ಕು. ಒಳ್ಳೆ ಹುಡ್ಗ, ಎಳೆದಾಡ್ಲಿಲ್ಲ. ಕಾಫಿ ಕೊಡಿ ಅವನಿಗೆ.”

“ಏನು ಸರ್ ನಾಲ್ಕು?” ಎಂದ ಅವನು.

“ನಾಲ್ಕು ಸಾವಿರ ಕಣಪ್ಪ. ಈಗ್ತಾನೇ ಒಪ್ಕಂಡ್ಯಲ್ಲ!”

ಅವನ ಮುಖ ನೋಡಬೇಕಿತ್ತು. ತಾನು ಒಪ್ಪಿಲ್ಲ, ಬರೀ ಕೈ ಕುಲುಕಿದ್ದು ಎಂದು ಅವನು. ಬೆರಳು ಕೊಟ್ಟ ಮೇಲೆ ಮುಗಿಯಿತು, ಮಾತು ಬೇರೆ ಆಡಬಹುದು ಬೆರಳು ಬೇರೆ ಆಡುವುದಿಲ್ಲ ಎಂದು ಇವರು. ನಾನು ನಡುವೆ ಬಂದು, “ಹೋಗಲಿ ಬಿಡಿ ಯಜಮಾನ್ರೇ, ಆರೂವರೆಗೇ ತಗೊಳ್ತೀನಿ” ಎಂದರೆ ನನ್ನ ಮೇಲೇ ಕಣ್ಣು ಕೆಕ್ಕರಿಸಿದರು. ಹುಡುಗ ಬಾಟಲುಗಳನ್ನು ಚೀಲಕ್ಕೆ ತುರುಕಿಕೊಂಡು ಕಾಫಿಯನ್ನೂ ಕುಡಿಯದೆ ಹೊರಟುಹೋದ. ನನಗೆ ಮೈಯೆಲ್ಲ ಉರಿದುಹೋಯಿತು.

ದಲ್ಲಾಳಿಗಳಿಗೆ ಜಿಪುಣತನ ಇತ್ತು ಎಂದುಕೊಳ್ಳಬೇಡಿ. ಒಂದು ಸಲ ಶೆಟ್ಟಿಕೆರೆ ಕಡೆಯ ಮುದುಕಿಯೊಬ್ಬಳು ಬೀದಿಯಲ್ಲಿ ಅವರೆಕಾಯಿ ಮಾರಿಕೊಂಡು ಬಂದಳು. ಬಿಸಿಲೇರಿತ್ತು, ಬಸ್ಸಿಗೆ ಹೊತ್ತಾಗಿತ್ತು. ಬಾಯಿಗೆ ಬಂದ ಕಡಿಮೆ ಬೆಲೆ ಹೇಳಿದಳು. ನಾನು ಚೀಲ ಹಿಡಿದು ನಿಂತಿದ್ದೆ. ಇವರು ಅಡ್ಡ ಬಂದು, “ಅಷ್ಟಕ್ಕೆ ಕೊಟ್ರೆ ನಿನ್ ಹೊಟ್ಟೆಗೇನು ಹಾಕ್ಕಂತೀಯವ್ವ? ಏರ್ಸು” ಎಂದು ಜಗಳ ಆಡಿ, ಅವಳ ಬೆಲೆಯನ್ನು ಅವಳ ಬಾಯಿಂದಲೇ ಏರಿಸಿದರು. ನಾನೂ ಆ ಏರಿದ ಬೆಲೆಗೇ ಕೊಳ್ಳಬೇಕಾಯಿತು. ಅವತ್ತೂ ಸಿಟ್ಟು ಬಂದಿತ್ತು. “ನಾಳೆ ಸಂತೇಲಿ ಎದುರಾದ್ರೆ ಇಬ್ರೂ ತಲೆ ಎತ್ಕಂಡು ನಿಂತು ಮಾತಾಡ್ಬೇಕು ಟೀಚರಮ್ಮ. ಅದು ನ್ಯಾಯದ ಬೆಲೆ” ಎಂದು ನನಗೆ ಪಾಠ ಹೇಳಿದರು. ಪಾಠ ಹೇಳುವುದು ನನ್ನ ಕಸುಬು ಎಂಬುದನ್ನು ಅವರು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಯಂತ್ರದ ವಿಷಯದಲ್ಲೂ ಅದೇ ಹಟ. ಬಸ್ ಹತ್ತಿ ತುಮಕೂರಿಗೆ ಹೋದರು, ಬೆಂಗಳೂರಿಗೂ ಹೋದರು. ಡ್ರಮ್ಮು ಮಾಡುವವರನ್ನು, ಮಣಿ ಮಾರುವವರನ್ನು ವಿಚಾರಿಸಿಕೊಂಡು ಬಂದು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದರು. “ಡ್ರಮ್ಮಿಗೆ ಇಷ್ಟು, ಮಣಿಗೆ ಇಷ್ಟು, ಪೈಪಿಗೆ ಇಷ್ಟು. ಅವನ ಬಸ್ ಚಾರ್ಜು, ಊಟ, ಹೆಂಡ್ತಿಗೆ ಎರಡು ಮೊಳ ಹೂವ, ಎಲ್ಲಾ ಹಾಕಿದ್ರೂ ನಾಲ್ಕು ದಾಟಲ್ಲ. ಅದ್ರಲ್ಲೂ ಲಾಭ ಐತೆ ಅವನಿಗೆ. ಬೇಕಾದ್ರೆ ನಿಮಗೂ ಬೆರಳ ಲೆಕ್ಕ ಕಲಿಸ್ತೀನಿ ಬನ್ನಿ” ಎಂದು ತಮ್ಮ ಎಡಗೈ ಬೆರಳುಗಳನ್ನು ಬಲಗೈಯಲ್ಲಿ ಹಿಡಿದು ತೋರಿಸಹೋದರು. “ನಿಮ್ಮ ಬೆರಳ ಲೆಕ್ಕ ನನಗೆ ಬೇಡ, ಯಂತ್ರ ಬೇಕು” ಎಂದು ನಾನು ಒಳಗೆ ಬಂದೆ. ಸೇಲ್ಸ್‌ಮನ್ ಇನ್ನೊಂದು ಸಲ ಬಂದು ಐದೂವರೆಗೆ ಕೊಡುತ್ತೇನೆ ಎಂದನಂತೆ. ನಾನು ಸ್ಕೂಲಿನಲ್ಲಿದ್ದೆ. ದಲ್ಲಾಳಿಗಳು ಅವನನ್ನು ಗೇಟಿನಲ್ಲೇ ನಿಲ್ಲಿಸಿ, ನಾಲ್ಕಕ್ಕೆ ಒಪ್ಪಿದ್ದೀಯ, ನಾಲ್ಕಕ್ಕೆ ಆದರೆ ಬಾ ಎಂದು ವಾಪಸು ಕಳಿಸಿದ್ದರು. ಸಂಜೆ ಅವ್ವ ಇದನ್ನು ಹೇಳಿದಾಗ ನಾನು ಕಾಫಿ ಲೋಟ ಕುಕ್ಕಿದ ರಭಸಕ್ಕೆ ಅದರ ಅಂಚು ಮಡಚಿಕೊಂಡಿತು.

ಅದಾದ ಎಂಟು ದಿನಕ್ಕೆ ಅವ್ವ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಅವ್ವನಿಗೆ ಕಟ್ಟು ಹಾಕಿಸಿ ಕರೆತಂದವಳೇ ನಾನು ದಲ್ಲಾಳಿಗಳ ಜಗಲಿಗೆ ಹೋದೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. “ಐದೂವರೆಗೆ ಕೊಂಡಿದ್ದರೆ ಇವತ್ತು ಅವ್ವ ಬಾವಿಗೆ ಹೋಗುತ್ತಲೇ ಇರಲಿಲ್ಲ. ನಿಮ್ಮ ನ್ಯಾಯದ ಬೆಲೆಯಲ್ಲಿ ನನ್ನ ಅವ್ವನ ಕೈ ಎಷ್ಟಕ್ಕೆ ಹೋಯಿತು, ಅದನ್ನೂ ಟವೆಲ್ ಹಾಕಿ ಹೇಳಿ ಯಜಮಾನ್ರೇ!” ಅವರು ಎದ್ದು ನಿಂತರು. ಹೆಗಲ ಟವೆಲ್ ತೆಗೆದು ಎರಡೂ ಕೈಯಲ್ಲಿ ಹಿಂಡುತ್ತ ನಿಂತೇ ಇದ್ದರು.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಎರಡು ಬಿಂದಿಗೆ ಸಿಹಿನೀರು. ಆಚೆ ದಿನವೂ ಇತ್ತು. ಮೂರನೆಯ ದಿನ ಕಿಟಕಿಯಲ್ಲಿ ನೋಡಿದೆ. ದಲ್ಲಾಳಿಗಳೇ! ಅಷ್ಟು ವಯಸ್ಸಿನವರು, ಮಂಡಿಯಲ್ಲಿ ಎಲ್ಲರೂ ಎದ್ದು ಜಾಗ ಬಿಡುತ್ತಿದ್ದಂಥವರು, ಆ ಟವೆಲ್ಲನ್ನೇ ಸಿಂಬಿ ಮಾಡಿ ಹೆಗಲ ಮೇಲಿಟ್ಟು ಬಿಂದಿಗೆ ಹೊತ್ತಿದ್ದರು. ಹೊತ್ತು ಅಭ್ಯಾಸವಿಲ್ಲ, ಅರ್ಧ ನೀರು ಅಂಗಿಯ ಮೇಲೆ. ಎದುರುಮನೆಯವನು, “ಏನ್ ಯಜಮಾನ್ರೇ, ಹೊಸ ಉದ್ಯೋಗ?” ಎಂದು ಹಲ್ಲು ಕಿರಿದ. “ಹೂಂ ಕಣ್ಲಾ, ನಿಮ್ಮನೆಗೂ ಬೇಕಾದ್ರೆ ಹೇಳು” ಎಂದು ನಿಲ್ಲದೆ ನಡೆದರು. ನಾನು ಕಿಟಕಿಯಿಂದ ಈಚೆ ಬಂದೆ. ಎರಡು ತಿಂಗಳು ಅವರು ನೀರು ತಂದರು, ಎರಡು ತಿಂಗಳೂ ನಾನು ಮಾತಾಡಿಸಲಿಲ್ಲ. ಅವ್ವ ಬೈದಳು, “ನಿಂಗೆ ಆ ಬೋರಿನ ನೀರೇ ತಲೆಗೇರೈತೆ ಕಣೇ, ಮೆತ್ತಗಾಗಾದೇ ಇಲ್ಲ ನೀನು.”

ಆ ಎರಡು ತಿಂಗಳು ಮಧ್ಯಾಹ್ನದ ಹೊತ್ತು ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಬಡಾವಣೆಯ ಮನೆಮನೆಗೂ ಹೋಗಿ, ನಿಮ್ಮ ಬೇಳೆ ಬೇಯುತ್ತಾ ಎಂದು ಕೇಳಿ, ಏಳು ಮನೆಯವರನ್ನು ಒಪ್ಪಿಸಿದ್ದರು. ಆಮೇಲೆ ಸೇಲ್ಸ್‌ಮನ್‌ಗೆ ಕಾಗದ ಬರೆಸಿದರು: ಒಂದಲ್ಲ, ಎಂಟು ಯಂತ್ರ, ಬೆಲೆ ಅವತ್ತು ಒಪ್ಪಿದ್ದೇ. ಹುಡುಗ ಲಾರಿಯಲ್ಲೇ ಬಂದ. ಈ ಸಲ ಟವೆಲ್ ನೋಡಿದೊಡನೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ದಲ್ಲಾಳಿಗಳು ಒಂದು ಪೈಸೆ ಕಮಿಷನ್ ಮುಟ್ಟಲಿಲ್ಲ. “ಟೀಚರಮ್ಮನ ಮನೇದು ಮೊದ್ಲು” ಎಂದರು.

ಕೂರಿಸುವುದೂ ಸುಲಭಕ್ಕೆ ಮುಗಿಯಲಿಲ್ಲ. ಪೈಪು ಸೋರಿತು, ಬಿಚ್ಚಿ ಮತ್ತೆ ಕಟ್ಟಿದರು, ಮತ್ತೆ ಸೋರಿತು. ಮೂರನೆಯ ದಿನಕ್ಕೆ ಸರಿಯಾಯಿತು. ಕೊನೆಗೆ ಉಪ್ಪುನೀರು ಹೊರಹೋಗುವ ಪೈಪು ಎಲ್ಲಿಗೆ ಬಿಡುವುದು ಎಂಬ ಪ್ರಶ್ನೆ ಬಂತು. ಗಿಡಗಳು ಸಾಯುತ್ತವೆ, ಚರಂಡಿಗೆ ಬಿಡಿ ಎಂದ ಹುಡುಗ. ದಲ್ಲಾಳಿಗಳು ಕಾಂಪೌಂಡಿಗೆ ಅಂಟಿಕೊಂಡಿದ್ದ ತಮ್ಮ ತೆಂಗಿನಮರ ತೋರಿಸಿ, “ಇದರ ಬುಡಕ್ಕೆ ಬುಡಪ್ಪ. ತೆಂಗಿಗೆ ನಾವೇ ಉಪ್ಪು ಹಾಕ್ತೀವಿ, ನೀನು ಚರಂಡಿಗೆ ಹಾಕು ಅಂತೀಯಲ್ಲ!” ಎಂದು ನಕ್ಕರು. ಅವರು ಕೇಳಿದ ಕೂಲಿ ಅಷ್ಟೇ.

ಆ ಸಂಜೆ ಕುಕ್ಕರ್ ಮೂರು ಸಲ ಕೂಗಿತು. ಅವ್ವ ಎಡಗೈಯಿಂದ ಒಂದು ಬೇಳೆ ತೆಗೆದು ಹಿಸುಕಿದಳು. ನುಣ್ಣಗಾಯಿತು. ಅವಳು ಹಿತ್ತಾಳೆ ಬಿಂದಿಗೆಗಳನ್ನು ಒರೆಸಿ ಅಟ್ಟದ ಮೇಲೆ ಬೋರಲು ಹಾಕಿಸಿದಳು. ಅಂದಿನಿಂದ ಅವಳ ಬಾಯಲ್ಲಿ ಅದು ‘ಬೇಳೆ ಮಿಷಿನ್ನು’.

ದಲ್ಲಾಳಿಗಳು ಗೋಡೆಯ ಆಚೆ ನಿಂತಿದ್ದರು. “ಬೆಲೆ ಸರಿ ತಾನೇ ಟೀಚರಮ್ಮ?” ಎಂದು ಕೇಳಿದರು. ಅಡುಗೆಮನೆಯಲ್ಲಿ ಅವ್ವ ಎಡಗೈಯಲ್ಲೇ ಸೌಟು ಹಿಡಿದಿದ್ದಳು; ಬಲಗೈ ಆಮೇಲೆ ಎಂದೂ ಪೂರ್ತಿ ತಿರುಗಲಿಲ್ಲ. ನಾನು ಉತ್ತರ ಕೊಡದೆ ಒಳಗೆ ಬಂದೆ.

ಮಾತುಕತೆ ಮತ್ತೆ ಶುರುವಾಯಿತು, ಸಾರು ಕೊಟ್ಟು ಎಳನೀರು ಈಸಿಕೊಂಡೂ ಆಯಿತು. ಆ ಪ್ರಶ್ನೆ ಮಾತ್ರ ಅವರು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರಾಯಿತು ಎಂದುಕೊಂಡೇ ಎರಡು ವರ್ಷ ಕಳೆಯಿತು. ಒಂದು ದಿನ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಸತ್ತುಹೋಯಿತು, ಮಾತೂ ನಿಂತಿತು.

ನೋಡಲು ಹೋದೆ. ಆ ಸೀಳುಗುರಿನ ಕೈ ಚಾಪೆಯ ಮೇಲೆ ಸುಮ್ಮನೆ ಬಿದ್ದಿತ್ತು. ಸೊಸೆ ಅವರ ಎದೆಯ ಮೇಲೆ ಅದೇ ಟವೆಲ್ ಹೊದಿಸಿದ್ದರು. ಪಕ್ಕದಲ್ಲಿ ಕೂತೆ. ಅವರು ನನ್ನನ್ನೇ ನೋಡುತ್ತಿದ್ದರು. ಎಡಗೈ ಟವೆಲ್ಲಿನ ಕೆಳಗಿನಿಂದ ನಿಧಾನವಾಗಿ ಸರಿದು ಬಂದು ನನ್ನ ಕೈ ಹಿಡಿಯಿತು, ಟವೆಲ್ಲಿನ ಒಳಕ್ಕೆ ಎಳೆದುಕೊಂಡಿತು. ಬೆರಳ ಲೆಕ್ಕ ನಾನು ಕಲಿಯಲಿಲ್ಲ, ಆದರೆ ಎಣಿಸಲು ಬರುತ್ತದೆ. ನನ್ನ ನಾಲ್ಕು ಬೆರಳು ಹಿಡಿದಿದ್ದರು. ಹಿಡಿದು ಕಾಯುತ್ತಿದ್ದರು.

ನನ್ನ ಮಟ್ಟಿಗೆ ಆ ಬೆಲೆ ಅವತ್ತೂ ಸರಿಯಿರಲಿಲ್ಲ, ಇವತ್ತೂ ಸರಿಯಿಲ್ಲ. ಅವ್ವನ ಕೈ ಅದರಲ್ಲಿ ಸೇರಿಲ್ಲ. ಅವರು ಹೊತ್ತ ಎರಡು ತಿಂಗಳ ನೀರು ಸೇರಿಲ್ಲ. ನನ್ನ ಬಾಯಿಂದ ಬೀದಿಯಲ್ಲಿ ಬಿದ್ದ ಮಾತೂ ಸೇರಿಲ್ಲ. ಇದನ್ನೆಲ್ಲ ಹೇಳಲು ಬೆರಳು ಸಾಲುತ್ತಿರಲಿಲ್ಲ. ನಾನು ತಿರುಗಿ ಅಮುಕಿದೆ, ಗಟ್ಟಿಯಾಗಿ.

ಅವರ ಎಡಗೈ ನನ್ನ ಬೆರಳು ಬಿಟ್ಟು ಟವೆಲ್ಲಿನ ಅಂಚನ್ನು ತಡಕಾಡಿತು. ಎತ್ತಲು ಆಗಲಿಲ್ಲ. ಸೊಸೆಗೆ ಏನೂ ಅರ್ಥವಾಗದೆ, “ಸೆಕೆ ಆಯ್ತದೇನೋ” ಎಂದರು. ನಾನು ಟವೆಲ್ ತೆಗೆದುಕೊಂಡೆ, ಪಟ್ಟನೆ ಕೊಡವಿ ಅವರ ಎಡಹೆಗಲ ಮೇಲೆ ಹಾಕಿದೆ.